ಮಾತು ಬೇರೆ, ಲೆಕ್ಕ ಒಂದೇ

ಮನೆಯಲ್ಲೊಂದು ಭಾಷೆ, ಸಂತೆಯಲ್ಲೊಂದು ಭಾಷೆ ಆಡುವ ನಮಗೆ ದುಭಾಷಿಯ ಬೆಲೆ ಗೊತ್ತು. ಗಣಕಯಂತ್ರದ ಲೆಕ್ಕಕ್ಕೂ ಅಂಥ ದುಭಾಷಿ ಬೇಕಾಯಿತು. ಬೀಜಗಣಿತಕ್ಕೆಂದು ಜರ್ಮನಿಯಲ್ಲಿ ಹುಟ್ಟಿದ 'ಗ್ಯಾಪ್', ಅಂಕಿಗಳ ಗುಣ ಅರಸಲು ಫ್ರಾನ್ಸಿನಲ್ಲಿ ಹುಟ್ಟಿದ 'ಪಾರಿ', ಸಂಖ್ಯಾಶಾಸ್ತ್ರಕ್ಕೆಂದು ನ್ಯೂಜಿಲೆಂಡಿನಲ್ಲಿ ಹುಟ್ಟಿದ 'ಆರ್': ಒಂದೊಂದು ತಂತ್ರಾಂಶದ ಮಾತು ಒಂದೊಂದು. ಅಮೆರಿಕದ ಗಣಿತಜ್ಞ ವಿಲಿಯಂ ಸ್ಟೈನ್ 2005ರಲ್ಲಿ ಆರಂಭಿಸಿದ 'ಸೇಜ್' ಇವನ್ನು ಹೊಸದಾಗಿ ಬರೆಯಹೊರಡಲಿಲ್ಲ. ಪೈಥಾನ್ ಭಾಷೆಯ ಮೂಲಕ ಅವುಗಳೊಡನೆ ಮಾತಾಡಿತು. ಅವೆಲ್ಲ ಮುಕ್ತ ತಂತ್ರಾಂಶಗಳಾದ್ದರಿಂದ ಇದು ಸಾಧ್ಯವಾಯಿತು. ಬೀಗ ಹಾಕಿದ ಪೆಟ್ಟಿಗೆಯ ಉತ್ತರವನ್ನು ನಂಬಬೇಕು, ಅಷ್ಟೆ. ತೆರೆದ ಲೆಕ್ಕವನ್ನು ಯಾರೂ ಪರೀಕ್ಷಿಸಬಹುದು. ಒಬ್ಬರು ಕಂಡ ತಪ್ಪನ್ನು ತಿದ್ದಿ ಮೂಲದವರಿಗೆ ಕಳಿಸಿದರೆ ಎಲ್ಲರ ಲೆಕ್ಕವೂ ಸರಿಯಾಗುತ್ತದೆ. ಕೂಡಿ ದುಡಿಯಲು ಯಾರೂ ತಮ್ಮ ಮಾತು ಬಿಡಬೇಕಿಲ್ಲ; ಬಾಗಿಲು ತೆರೆದಿಟ್ಟರೆ ಸಾಕು.