ಹೋಗೋರ ಹಾಡಾ, ಉಳಿಯೋರ ಹಾಡಾ?

ಬಸ್ಸಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿರೋರಿಗೆ, ಸಿಗದೆ ನಿಂತ್ಕೊಂಡೇ ಕೇಳ್ತಿರೋರಿಗೆ, ಹಾಸ್ಟೆಲ್ ಟೆರೇಸ್ ಮೇಲೆ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೆ, ಎಲ್ಲರಿಗೂ ಸ್ವಾಗತ.

ಇವತ್ತು ಒಂದೇ ಒಂದು ಹಾಡಿನ ಬಗ್ಗೆ ಮಾತಾಡೋಣ. ಗೋಪಾಲಕೃಷ್ಣ ಅಡಿಗರ ‘ಮೋಹನ ಮುರಳಿ’. ನಾನು ಹಾಡಲ್ಲ, ಹೆದರಬೇಡಿ. ನನ್ನ ಕಂಠ ಹಳೇ ಕೇಳುಗರಿಗೆ ಗೊತ್ತು. ಸಾಲುಗಳು ನಿಮ್ಮಲ್ಲಿ ತುಂಬ ಜನಕ್ಕೆ ಬಾಯಿಪಾಠ ಇರುತ್ತೆ. ಇಲ್ಲದೋರು ಎಪಿಸೋಡ್ ಮುಗಿದ ಮೇಲೆ ಹುಡುಕಿ ಕೇಳಿ.

ಮೊದಲು ಸ್ವಲ್ಪ ಹಿನ್ನೆಲೆ. ಅಡಿಗರು ಹುಟ್ಟಿದ್ದು 1918ರಲ್ಲಿ, ಕರಾವಳಿಯ ಮೊಗೇರಿ ಅನ್ನೋ ಊರಲ್ಲಿ. ವೃತ್ತಿಯಿಂದ ಇಂಗ್ಲಿಷ್ ಮೇಷ್ಟ್ರು. ಕನ್ನಡದಲ್ಲಿ ನವ್ಯಕಾವ್ಯ ಅಂದ ಕೂಡಲೇ ಮೊದಲು ಬರೋ ಹೆಸರು ಅವರದ್ದೇ. ತೀರಿಕೊಂಡಿದ್ದು 1992ರಲ್ಲಿ. ಆಮೇಲೆ ನಾಗತಿಹಳ್ಳಿ ಚಂದ್ರಶೇಖರ್ ಅವರ ‘ಅಮೆರಿಕಾ ಅಮೆರಿಕಾ’ ಸಿನಿಮಾದಲ್ಲಿ ಈ ಕವಿತೆ ಬಂತು. ಸಂಗೀತ ಮನೋಮೂರ್ತಿ, ಹಾಡಿದ್ದು ರಾಜು ಅನಂತಸ್ವಾಮಿ ಮತ್ತು ಸಂಗೀತಾ ಕಟ್ಟಿ. ಅಂದ್ರೆ ಈ ಕವಿತೆ ಮನೆ ಮನೆಗೆ ಸಿನಿಮಾ ಹಾಡಾಗಿ ಹೋದಾಗ ಅದನ್ನ ಕೇಳೋಕೆ ಕವಿನೇ ಇರಲಿಲ್ಲ.

ನಮ್ಮ ವಯಸ್ಸಿನೋರಿಗೆ ಇನ್ನೊಂದು ದಾರಿ ಇದೆ. 2023ರಲ್ಲಿ ಹೇಮಂತ್ ರಾವ್ ನಿರ್ದೇಶನದ, ರಕ್ಷಿತ್ ಶೆಟ್ಟಿ, ರುಕ್ಮಿಣಿ ವಸಂತ್ ನಟಿಸಿದ ‘ಸಪ್ತ ಸಾಗರದಾಚೆ ಎಲ್ಲೋ’ ನೋಡಿದ್ದೀರಲ್ಲ? ಆ ಹೆಸರು ಬಂದಿದ್ದು ಇದೇ ಕವಿತೆಯಿಂದ. ಅದು ಪ್ರೀತಿಯ ಸಿನಿಮಾ. ‘ಅಮೆರಿಕಾ ಅಮೆರಿಕಾ’ದಲ್ಲಿ ವಲಸೆಯ ಕಥೆ: ಒಬ್ಬ ಗೆಳೆಯ ವಿದೇಶಕ್ಕೆ ಹೋಗ್ತಾನೆ, ಇನ್ನೊಬ್ಬ ಇಲ್ಲೇ ಉಳೀತಾನೆ. ಭಕ್ತಿ ಇರೋರಿಗೆ ಕೊಳಲು ಅಂದ್ರೆ ಕೃಷ್ಣನೇ, ಅವರಿಗೆ ಇದು ದೇವರ ಕರೆ. ಒಂದೇ ಕವಿತೆ, ಮೂರು ಥರ ಕೇಳಿಸುತ್ತೆ.

ಹಾಗಾದ್ರೆ ಹಾಡಿಗೆ ಯಾರು ಏನು ಅರ್ಥ ಬೇಕಾದ್ರೂ ಹಚ್ಚಬಹುದಾ? ನನಗೆ ಹಾಗನ್ಸಲ್ಲ. ಹಾಡು ನಮ್ಮ ಬದುಕಿಗೆ ಹೊಂದುತ್ತೆ ನಿಜ. ಆದ್ರೆ ಸುಮ್ನೆ ಹೊಂದಿಸಿಕೊಂಡ್ರೆ ನಾವು ಮೊದಲೇ ಅಂದುಕೊಂಡಿದ್ದನ್ನೇ ಹಾಡಿನ ಬಾಯಲ್ಲಿ ಹೇಳಿಸಿದ ಹಾಗಾಗುತ್ತೆ, ಅಷ್ಟೇ. ಪದಗಳ ಮುಂದೆ ಸ್ವಲ್ಪ ಹೊತ್ತು ಕೂತ್ರೆ, ನಾವು ಕೇಳದೇ ಇದ್ದದ್ದನ್ನೂ ಅದು ಹೇಳೋಕೆ ಶುರು ಮಾಡುತ್ತೆ.

ಇದನ್ನ ಯಾಕೆ ಈಗ ಹೇಳ್ತಿದ್ದೀನಿ ಅಂದ್ರೆ, ನನಗೂ ಒಂದು ಕರೆ ಬಂದಿದೆ. ನಾನು ಬಿ.ಕಾಂ ಅಂತ ನಿಮಗೆ ಗೊತ್ತು. ನಮ್ಮೂರು ತಿಪಟೂರು. ಅಪ್ಪ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೀತಾರೆ. ನಾನು ಅರ್ಧ ದಿನ ಅಂಗಡಿಗಳ ಜಿಎಸ್‌ಟಿ ಫೈಲಿಂಗ್ ಮಾಡ್ತೀನಿ, ಉಳಿದರ್ಧ ದಿನ ಈ ಪಾಡ್‌ಕಾಸ್ಟ್. ಈಗ ದುಬೈನಲ್ಲಿರೋ ದೊಡ್ಡಪ್ಪನ ಮಗ ಅಲ್ಲೊಂದು ಅಕೌಂಟ್ಸ್ ಕೆಲಸ ನೋಡಿದ್ದಾನೆ. ಸಂಬಳ ಒಳ್ಳೇದು, ಇರೋಕೆ ರೂಮು ಅವರೇ ಕೊಡ್ತಾರೆ. ಈ ತಿಂಗಳ ಕೊನೆಗೆ ಹೂಂ ಅಥವಾ ಉಹೂಂ ಅನ್ನಬೇಕು.

ಆ ಮೆಸೇಜ್ ಬಂದಾಗಿಂದ ಈ ಹಾಡು ಲೂಪಲ್ಲಿ ಓಡ್ತಿದೆ. ಕೇಳಿದಾಗೆಲ್ಲ ‘ಹೊರಡು’ ಅಂತಲೇ ಕೇಳಿಸ್ತಿತ್ತು. ಒಂದಿನ ಅಮ್ಮ ಹುಣಸೆಹಣ್ಣು ಬಿಡಿಸ್ತಾ ಕೂತಿದ್ರು, ಫೋನ್ ಸ್ಪೀಕರಲ್ಲಿ ಇದೇ ಹಾಡು. ಅಮ್ಮ ತಲೆ ಎತ್ತದೇ ಅಂದ್ರು, “ಇದು ಹೋಗೋರ್ ಹಾಡಲ್ಲ ಕಣೋ ಮಗ. ಮನೇಲಿ ಉಳಿದೋರು ಹಾಡ್ಕೊಳೋ ಹಾಡು.”

ನಾನು ಹಾಡು ನಿಲ್ಲಿಸಿ ಸಾಹಿತ್ಯ ತೆಗೆದು ಓದಿದೆ. ಅಮ್ಮ ಹೇಳಿದ್ರಲ್ಲಿ ಪಾಯಿಂಟ್ ಇತ್ತು. ಶುರುವಲ್ಲಿ ‘ನಾನು ಹೊರಟೆ’ ಅನ್ನೋ ಮಾತೇ ಇಲ್ಲ. ಇರೋದು ‘ನೀನು’. ಯಾರೋ ಇನ್ಯಾರನ್ನೋ ಕೇಳ್ತಿದ್ದಾರೆ, ಯಾವ ಕೊಳಲು ನಿನ್ನನ್ನ ಕರೀತು ಅಂತ. ಕೇಳ್ತಿರೋರು ದಡದ ಮೇಲೆ ನಿಂತ ತಾಯಿ ಆಗಿರಬಹುದು, ಹೆಂಡತಿ ಆಗಿರಬಹುದು, ಗೆಳೆಯ ಆಗಿರಬಹುದು. ತನ್ನನ್ನ ತಾನೇ ಕೇಳ್ಕೊಳ್ತಿರೋ ಮನುಷ್ಯನೂ ಆಗಿರಬಹುದು. ನಾನು ‘ನೀನು’ ಜಾಗದಲ್ಲಿ ನಿಂತು ಕೇಳ್ತಿದ್ದೆ. ಅಮ್ಮ ಪ್ರಶ್ನೆ ಕೇಳೋರ ಜಾಗದಲ್ಲಿ ನಿಂತಿದ್ರು. ಹಾಡು ಇಬ್ಬರಿಗೂ ಜಾಗ ಕೊಟ್ಟಿದೆ.

ಎರಡನೇದು, ‘ಯಾವ’ ಅನ್ನೋ ಪುಟ್ಟ ಪದ. ಕವಿತೆ ಶುರುವಾಗೋದು ‘ಯಾಕೆ’ ಅಂತ ಅಲ್ಲ. ವ್ಯತ್ಯಾಸ ನೋಡಿ. “ಯಾಕೆ ಹೋಗ್ತಿದ್ದೀಯ?” ಅಂದ್ರೆ ನಮ್ಮತ್ರ ಉತ್ತರ ರೆಡಿ ಇರುತ್ತೆ: ಸಾಲ ಇದೆ, ಇಲ್ಲಿ ಸಂಬಳ ಸಾಲಲ್ಲ, ಎಲ್ಲರೂ ಹೋಗ್ತಿದ್ದಾರೆ. “ಯಾವುದು ನಿನ್ನ ಕರೀತಿದೆ?” ಅಂದ್ರೆ ಬಾಯಿ ಕಟ್ಟುತ್ತೆ. ಒಳಗೆ ಹೋಗಿ ಹುಡುಕಬೇಕಾಗುತ್ತೆ. ದುಡ್ಡಾ? ಏರ್‌ಪೋರ್ಟ್ ಫೋಟೋನಾ? ನೆಂಟರ ಮುಂದೆ ತಲೆ ಎತ್ತೋ ಆಸೆನಾ? ಅಥವಾ ನಿಜವಾಗ್ಲೂ ಬೇರೆ ಲೋಕ ನೋಡೋ ಹಸಿವಾ?

ಮೂರನೇದು ಕವಿತೆಯ ಮಧ್ಯದಲ್ಲಿದೆ. ಅಲ್ಲಿ ಬೇಸರವನ್ನ ಮರದೊಳಗೆ ಅಡಗಿ ಕೂತ ಬೆಂಕಿಗೆ ಹೋಲಿಸ್ತಾರೆ. ಏನೋ ಸ್ವಲ್ಪ ತಾಗಿದ್ರೆ ಸಾಕು, ಹೊತ್ಕೊಳುತ್ತೆ. ಇದು ನನಗೆ ಸರಿಯಾಗಿ ನಾಟ್ತು. ಕೊಳಲು ಹೊರಗಿಂದ ಕರೀತು ಅಂತ ನಾವು ಅಂದ್ಕೊಳ್ತೀವಿ. ಬೆಂಕಿ ಮೊದಲೇ ಒಳಗಿತ್ತು. ದೊಡ್ಡಪ್ಪನ ಮಗನ ಮೆಸೇಜ್ ಬರೀ ಒಂದು ಉಜ್ಜು. ಅದು ಬರದಿದ್ರೆ ಬೆಂಗಳೂರಿನ ಯಾವುದೋ ಇಂಟರ್‌ವ್ಯೂ ಕಾಲ್ ಬಂದಾಗ ಇದೇ ಚಡಪಡಿಕೆ ಶುರುವಾಗ್ತಿತ್ತು. ಹಾಗಾದ್ರೆ ದುಬೈಗೆ ಹೋದ್ರೆ ಈ ಬೇಸರ ಇಲ್ಲೇ ಉಳಿಯುತ್ತಾ, ಲಗೇಜ್ ಜೊತೆ ಬರುತ್ತಾ? ಹಾಡು ಹೇಳಲ್ಲ. ನಾನೇ ನೋಡ್ಕೋಬೇಕು.

ಕೊನೇದು, ವಾಟ್ಸ್ಯಾಪ್ ಸ್ಟೇಟಸ್‌ಗಳಲ್ಲಿ ಓಡಾಡೋ ಆ ಫೇಮಸ್ ಸಾಲು. ಕೈಯಲ್ಲಿರೋದನ್ನ ಬಿಟ್ಟು ಇಲ್ಲದ್ದರ ಕಡೆ ಮನಸ್ಸು ಎಳೆಯೋದರ ಬಗ್ಗೆ ಇದೆಯಲ್ಲ, ಅದು. ಕೆಲವರು ಅದರ ಕೊನೆಗೆ ಪೂರ್ಣವಿರಾಮ ಹಾಕ್ತಾರೆ, ಕೆಲವರು ಪ್ರಶ್ನೆ ಚಿಹ್ನೆ. ಮಾತಾಡುವಾಗ ನಾವು “ಇದೇ ಜೀವನ” ಅಂತೀವಿ, ಅಥವಾ “ಇದೇನಾ ಜೀವನ?” ಅಂತೀವಿ. ಎರಡೂ ಬೇರೆ ಬೇರೆ. ಆದ್ರೆ ಕಾವ್ಯದ ಕನ್ನಡದಲ್ಲಿ ಪದದ ಕೊನೆಗೆ ಬರೋ ‘ಎ’ ಎರಡೂ ಕೆಲಸ ಮಾಡುತ್ತೆ. ಒತ್ತಿ ಹೇಳೋಕೂ ಅದೇ, ಪ್ರಶ್ನೆ ಕೇಳೋಕೂ ಅದೇ. ಪೂರ್ಣವಿರಾಮ ಹಾಕಿ ಓದಿದ್ರೆ ಹೊರಡೋಕೆ ಪರ್ಮಿಷನ್ ಸಿಕ್ಕ ಹಾಗಿರುತ್ತೆ. ಪ್ರಶ್ನೆ ಅಂತ ಓದಿದ್ರೆ ಅದೇ ಸಾಲು ಕಾಲರ್ ಹಿಡಿದು ನಿಲ್ಲಿಸುತ್ತೆ. ಸುತ್ತಮುತ್ತ ಅಷ್ಟೊಂದು ಪ್ರಶ್ನೆ ಇರೋದ್ರಿಂದ ನಾನು ಇದನ್ನೂ ಪ್ರಶ್ನೆ ಅಂತಲೇ ಓದ್ತೀನಿ.

ಕಾಮರ್ಸ್ ಓದಿದೋರಿಗೆ ಆಪರ್ಚುನಿಟಿ ಕಾಸ್ಟ್ ಗೊತ್ತು. ಒಂದನ್ನ ಆರಿಸಿಕೊಂಡಾಗ ಬಿಟ್ಟುಕೊಟ್ಟ ಇನ್ನೊಂದರ ಬೆಲೆ. ಅದು ಕ್ಯಾಶ್ ಬುಕ್ಕಲ್ಲಿ ಕಾಣಲ್ಲ. ನಾನು ಒಂದು ಹಾಳೆ ತಗೊಂಡು ನಡುವೆ ಗೆರೆ ಎಳೆದೆ. ಎಡಗಡೆ ಕರೀತಿರೋದು, ಬಲಗಡೆ ಬಿಟ್ಟುಹೋಗೋದು. ಎಡಗಡೆ ಐದು ಸಾಲು ಬಂತು, ನಾಲ್ಕರಲ್ಲಿ ದುಡ್ಡಿತ್ತು. ಬಲಗಡೆ ಮೊದಲು ಬರೆದಿದ್ದು ಪಾಡ್‌ಕಾಸ್ಟ್. ಎರಡನೇದು ಅಪ್ಪನ ಕಣ್ಣು. ಪೊರೆ ಬಂದಿದೆ, ಸಂಜೆ ಮೇಲೆ ಲೆಡ್ಜರ್ ನಾನೇ ಓದಿ ಹೇಳ್ತೀನಿ. ಆ ಕೆಲಸಕ್ಕೆ ರೇಟ್ ಹಾಕೋಕೆ ಯಾವ ಕಾಲೇಜಲ್ಲೂ ಹೇಳಿಕೊಟ್ಟಿಲ್ಲ.

ನಿರ್ಧಾರ ಏನು ಅಂತ ಕೇಳ್ತೀರ. ಅಪ್ಪನ ಆಪರೇಷನ್ ಮುಗಿಯೋವರೆಗೂ ಟೈಮ್ ಕೊಡಿ ಅಂತ ಕೇಳಿದ್ದೀನಿ. ಕೊಟ್ರೆ ಹೋಗ್ತೀನಿ, ಕೊಡದಿದ್ರೆ ಈ ಸಲ ಇಲ್ಲ. ಹಾಡು ಈ ಉತ್ತರ ಕೊಟ್ಟಿದ್ದಲ್ಲ. ಆದ್ರೆ ‘ಯಾವುದು ಕರೀತಿದೆ’ ಅಂತ ಅದು ಕೇಳದೇ ಇದ್ದಿದ್ರೆ ಬಲಗಡೆ ಕಾಲಂ ಖಾಲಿನೇ ಇರ್ತಿತ್ತು.

ನಿಮಗೊಂದು ಸಣ್ಣ ಕೆಲಸ. ಇಷ್ಟದ ಹಾಡು ಯಾವುದೇ ಇರಲಿ, ಟ್ಯೂನ್ ಬಿಟ್ಟು ಬರೀ ಸಾಹಿತ್ಯ ಓದಿ. ಯಾರು ಮಾತಾಡ್ತಿದ್ದಾರೆ, ಯಾರಿಗೆ ಅಂತ ನೋಡಿ. ಎಲ್ಲಿ ಪ್ರಶ್ನೆ ಇದೆ, ಎಲ್ಲಿ ಉತ್ತರ ಇದೆ, ಗುರುತು ಹಾಕಿ. ಆಮೇಲೆ ಮನೆಯಲ್ಲಿ ನಿಮಗಿಂತ ದೊಡ್ಡೋರಿಗೆ ಕೇಳಿಸಿ, “ನಿಮಗೆ ಇದು ಯಾರ ಹಾಡು ಅನ್ಸುತ್ತೆ?” ಅಂತ ಕೇಳಿ. ಅವರು ಹೇಳಿದ್ದನ್ನ ವಾಯ್ಸ್ ನೋಟ್ ಮಾಡಿ ಕಳಿಸಿ. ಮುಂದಿನ ಎಪಿಸೋಡಲ್ಲಿ ಅವನ್ನೇ ಕೇಳೋಣ.

ಅಲ್ಲೀವರೆಗೂ ಚೆನ್ನಾಗಿರಿ. ಸಿಗ್ತೀನಿ.