ಆರು ತಂತಿ, ಏಳು ಸ್ವರ

ಬಸವನಗುಡಿಯ ನಮ್ಮ ಮನೆಯಲ್ಲಿ ತಂತಿವಾದ್ಯವೆಂದರೆ ವೀಣೆ. ನನ್ನ ತಾಯಿ ಅದನ್ನು ಮೂರು ಮನೆ ಶ್ರುತಿಗೆ ಕೂಡಿಸಿ ನುಡಿಸುತ್ತಿದ್ದರು. ಅದರ ಪಕ್ಕದಲ್ಲಿ ನಾನೊಂದು ಗಿಟಾರನ್ನು ತಂದು ಒರಗಿಸಿದಾಗ ಅವರು ಬೇಡವೆನ್ನಲಿಲ್ಲ. ತಂತಿಗಳನ್ನೊಮ್ಮೆ ಮೀಟಿ, "ಇದೇನೋ, ತಂತಿಗೊಂದು ಸ್ವರ!" ಎಂದರು.

ವೀಣೆಯ ಏಳು ತಂತಿಗಳೂ ಷಡ್ಜ ಪಂಚಮಗಳಿಗೇ ಮೀಸಲು. ಗಿಟಾರಿನ ಆರು ತಂತಿಗಳಾದರೋ ಇ, ಎ, ಡಿ, ಜಿ, ಬಿ, ಇ. ಇ ಎಂಬುದೇ ನಮ್ಮ ಮೂರು ಮನೆ; ಅದನ್ನು ಷಡ್ಜವೆಂದು ಹಿಡಿದರೆ ಬರಿಯ ತಂತಿಗಳೇ ಸ ಮ ನಿ ಗ ಪ ಸ ಎನ್ನುತ್ತವೆ. ಮಧ್ಯಮ ಶುದ್ಧ, ನಿಷಾದ ಕೈಶಿಕಿ, ಗಾಂಧಾರ ಸಾಧಾರಣ.

ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವುದಕ್ಕೆ ಪಾಶ್ಚಾತ್ಯರು ಕಾರ್ಡ್ ಎನ್ನುತ್ತಾರೆ. ಸ ಗ ಪ ಸೇರಿದರೆ ಮೈನರ್ ಕಾರ್ಡ್. ಸಾಧಾರಣ ಗಾಂಧಾರವೇ ಅದರ ಪ್ರಾಣ. ಅಲ್ಲಿಂದ ಸ್ವರ ಬಿಟ್ಟು ಸ್ವರ ಹಿಡಿದು ಏರಿದರೆ ನಿ, ಮೇಲಿನ ಸ್ಥಾಯಿಯ ರಿ, ಮ, ಧ. ಏಳು, ಒಂಬತ್ತು, ಹನ್ನೊಂದು, ಹದಿಮೂರು ಎಂಬ ಕಾರ್ಡುಗಳು ಹೀಗೆ ಬೆಳೆದವು. ರಿಷಭ ಧೈವತಗಳು ಚತುಶ್ರುತಿಯಾದರೆ ಹದಿಮೂರನೆಯದರಲ್ಲಿ 22ನೆಯ ಮೇಳವಾದ ಖರಹರಪ್ರಿಯದ ಏಳೂ ಸ್ವರಗಳು ಒಂದೇ ಮೀಟಿಗೆ ಎದ್ದು ನಿಲ್ಲುತ್ತವೆ. ಚಾಮರಾಜಪೇಟೆಯಲ್ಲಿ ರಾಮಸೇವಾ ಮಂಡಳಿ 1939ರಿಂದ ನಡೆಸುತ್ತ ಬಂದಿರುವ ರಾಮನವಮಿ ಕಚೇರಿಗಳಲ್ಲಿ ಆ ರಾಗ ನಿಧಾನವಾಗಿ ಅರಳುವುದನ್ನು ಕೇಳಿ ಬೆಳೆದವನಿಗೆ ಇದು ದಿಗ್ಭ್ರಮೆಯೇ ಸರಿ. ಆದರೆ ಕಾರ್ಡ್ ರಾಗವಲ್ಲ. ಖರಹರಪ್ರಿಯದ ಗಾಂಧಾರ ಕಂಪಿಸಬೇಕು. ಇಲ್ಲಿ ಅದು ಅಲುಗದೆ ನಿಲ್ಲುತ್ತದೆ.

ಮೈಲ್ಸ್ ಡೇವಿಸರ 1959ರ 'ಕೈಂಡ್ ಆಫ್ ಬ್ಲೂ' ಧ್ವನಿಮುದ್ರಿಕೆಯ ಮೊದಲ ಕೃತಿಯಲ್ಲಿ ಬಿಲ್ ಇವಾನ್ಸ್ ಪಿಯಾನೋದ ಮೇಲೆ ಹಿಡಿದ ಪ್ರಸಿದ್ಧ ಕಾರ್ಡಿನಲ್ಲಿರುವುದೂ ಗಿಟಾರಿನ ಕೆಳಗಿನ ಐದು ಬರಿಯ ತಂತಿಗಳ ಸ್ವರಗಳೇ, ಅದೇ ಕ್ರಮದಲ್ಲಿ.

ಕಲಿಕೆ ಕೈಗೆ ಸುಲಭವಾಗಿತ್ತು. ಮೊದಲನೆಯ ತಂತಿಯನ್ನು ಎರಡನೆಯ ಮೆಟ್ಟಿಲಲ್ಲಿ ಒತ್ತಿದರೆ ರಿಷಭ ಬಂದು ಹನ್ನೊಂದನೆಯ ಕಾರ್ಡ್ ಪೂರ್ಣ: ಆರು ತಂತಿ, ಆರು ಸ್ವರ. ಅದೇ ಬೆರಳನ್ನು ಎರಡನೆಯ ತಂತಿಯ ಮೇಲೂ ಮಲಗಿಸಿದರೆ ಧೈವತ, ಹದಿಮೂರು ಬಂತು. ಆದರೆ ಆ ತಂತಿಯಲ್ಲಿದ್ದ ಪಂಚಮ ಹೋಯಿತು!

ಮಲ್ಲೇಶ್ವರದ ನನ್ನ ಗುರುಗಳು, "ಹೋಗಲಿ ಬಿಡಿ, ಷಡ್ಜದ ನಾದದೊಳಗೇ ಪಂಚಮದ ಛಾಯೆ ಇರುತ್ತದೆ. ಗಾಂಧಾರ, ನಿಷಾದ ಮಾತ್ರ ತಪ್ಪಕೂಡದು" ಎಂದರು. ಶಾಸ್ತ್ರ ಸರಿ. ತಂಬೂರಿಯ ಕೆಳಗೆ ಬೆಳೆದ ಕಿವಿ ಒಪ್ಪಬೇಕಲ್ಲ! ನಮಗೆ ಸ, ಪ ಅಚಲ ಸ್ವರಗಳು. ಇಲ್ಲಿ ಮೊದಲು ಕೈಬಿಡುವುದೇ ಪಂಚಮವನ್ನು. ಪಂಚಮವನ್ನು ಉಳಿಸಲೆಂದು ಧೈವತವನ್ನು ಐದನೆಯ ತಂತಿಯ ನಾಲ್ಕನೆಯ ಮೆಟ್ಟಿಲಲ್ಲಿ ಹಿಡಿದು ನೋಡಿದೆ. ಮಧ್ಯಮ ಕಳೆಯಿತು, ಮೇಲಾಗಿ ತಗ್ಗಿನಲ್ಲಿ ಧ, ನಿ ಒಂದಕ್ಕೊಂದು ಉಜ್ಜಿಕೊಂಡು ನಾದ ಕದಡಿತು.

ಒಂದು ಸಂಜೆ ಮತ್ತೆ ಗುರುಗಳು ಹೇಳಿದ ಹಾಗೆಯೇ ನುಡಿಸುತ್ತಿದ್ದೆ. ಅಡಿಗೆಮನೆಯಿಂದ ತಾಯಿ, "ಪಂಚಮ ಎಲ್ಲೋ?" ಎಂದರು.

"ಬಿಟ್ಟಿದೀನಮ್ಮ. ತಂತಿ ಸಾಲದು."

ಅವರು ಸೆರಗಿಗೆ ಕೈ ಒರಸಿಕೊಂಡು ಬಂದು ವೀಣೆಯ ಬಳಿ ಕುಳಿತರು. ತಾಳದ ತಂತಿಗಳಲ್ಲಿ ಪಂಚಮದ್ದೊಂದನ್ನೇ ಕಿರುಬೆರಳಿನಿಂದ ಮೀಟಿ, "ಹೂಂ, ಈಗ ನುಡಿಸು" ಎಂದರು.