ಯಾರೂ ಎತ್ತದ ಫೋನಿಗೆ ಬಿಲ್ಲು ಯಾಕೆ?



ಹೋದ ವಾರ ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬ ಅಕ್ಕ ಒಂದು ಮಾತು ಕೇಳಿದರು. "ಟೀಚರ್, ಮನೆ ಫೋನಿಂದ ಆಸ್ಪತ್ರೆಗೆ ಫೋನು ಮಾಡಿದೆ. ಆ ಕಡೆ ಯಾರೂ ಮಾತಾಡಲಿಲ್ಲ. ಆದರೂ ದುಡ್ಡು ಹಿಡಿದಿದ್ದಾರೆ. ಇದು ಯಾವ ನ್ಯಾಯ?" ಅಂದರು. ಆಗ ನಮಗೆ ನಮ್ಮ ಅವ್ವನ ನೆನಪು ಬಂತು. ಇವತ್ತು ಅವ್ವನ ಕತೆ ಹೇಳ್ತೀವಿ. ಉತ್ತರ ಅದರಲ್ಲೇ ಇದೆ.

ನಮ್ಮದು ತಿಪಟೂರು ಕಡೆ ಒಂದು ಹಳ್ಳಿ. ಅಪ್ಪನಿಗೆ ಕೊಬ್ಬರಿ ವ್ಯಾಪಾರ. ಮಾರುಕಟ್ಟೆಯ ದರ ಕೇಳೋಕೆ ಅಂತ ಮನೆಗೆ ಫೋನ್ ಹಾಕಿಸಿದ್ದರು. ಅದು ಗೋಡೆಯ ಗೂಡಿನಲ್ಲಿ ಇರುತ್ತಿತ್ತು. ಅಜ್ಜಿ ಅದರ ಮೇಲೆ ಕಸೂತಿ ಬಟ್ಟೆ ಹೊದಿಸಿದ್ದರು, ದೇವರಿಗೆ ಹೊದಿಸಿದ ಹಾಗೆ!

ಅವ್ವ ಶಾಲೆ ಮೆಟ್ಟಿಲು ಹತ್ತಿದವಳಲ್ಲ. 1990ರ ದಶಕದಲ್ಲಿ ಸಾಕ್ಷರತಾ ಆಂದೋಲನ ನಡೆಯಿತಲ್ಲ, ಆಗ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತಳು. ಒತ್ತಕ್ಷರ ಬಂದರೆ ತಡವರಿಸುತ್ತಿದ್ದಳು. ಅಂಕಿ ಮಾತ್ರ ಗಟ್ಟಿ.

ಇದು 2003ನೇ ಇಸವಿಯ ಮಾತು. ನಾವು ಆಗ ಎಂಟನೇ ತರಗತಿ. ನಮ್ಮ ಅಕ್ಕ ಬೆಂಗಳೂರಿನಲ್ಲಿ ನರ್ಸ್ ತರಬೇತಿಗೆ ಸೇರಿದ್ದಳು. ಹಾಸ್ಟೆಲಿನಲ್ಲಿ ಇದ್ದಳು. ಅವಳ ಹತ್ತಿರ ಮೊಬೈಲ್ ಇರಲಿಲ್ಲ. ಹಾಸ್ಟೆಲಿಗೆ ಫೋನ್ ಮಾಡೋದು ಹೇಗೆ ಅಂತ ಅವ್ವನಿಗೆ ಹೇಳಿಕೊಟ್ಟಿದ್ದಳು. "ನಂಬರ್ ಒತ್ತು. ಗಂಟೆ ಹೊಡೆಯುತ್ತೆ. ಆಮೇಲೆ ಒಂದು ಸಂಗೀತ ಬರುತ್ತೆ, ಇಂಗ್ಲಿಷಲ್ಲಿ ಏನೋ ಹೇಳುತ್ತೆ. ಆಗ 23 ಒತ್ತು. ನನ್ನ ರೂಮಲ್ಲಿ ಗಂಟೆ ಹೊಡೆಯುತ್ತೆ" ಅಂದಿದ್ದಳು. ಅವ್ವ ಕ್ಯಾಲೆಂಡರ್ ಹಿಂದೆ ಆ ನಂಬರ್ ಬರೆದಿಟ್ಟುಕೊಂಡಿದ್ದಳು. ಪಕ್ಕದಲ್ಲಿ ದೊಡ್ಡದಾಗಿ 23.

ಆ ವರ್ಷ ಮಳೆಗಾಲದಲ್ಲಿ ಒಂದು ಸಲ ಅಕ್ಕ ಫೋನಿಗೆ ಸಿಗಲೇ ಇಲ್ಲ. ಅವ್ವ ನಂಬರ್ ಒತ್ತುತ್ತಾಳೆ. ಸಂಗೀತ ಬರುತ್ತೆ. 23 ಒತ್ತುತ್ತಾಳೆ. ಗಂಟೆ ಹೊಡೆಯುತ್ತಲೇ ಇದೆ, ಹೊಡೆಯುತ್ತಲೇ ಇದೆ. ಯಾರೂ ಎತ್ತಲ್ಲ. ಬೆಳಿಗ್ಗೆ ಹಾಲು ಕರೆದು ಬಂದು ಒಂದು ಸಲ. ರೊಟ್ಟಿ ತಟ್ಟುವ ಮಧ್ಯೆ ಒಂದು ಸಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಮತ್ತೆ. ಬೆಳೆದ ಮಗಳು ಪರ ಊರಲ್ಲಿ ಇದ್ದಾಳೆ. ತಾಯಿ ಜೀವ ಹೇಗಿರಬೇಕು, ನಿಮಗೆ ಹೇಳಬೇಕಾ?

ಹತ್ತನೇ ದಿನ ಕಾಗದ ಬಂತು. ಅಕ್ಕ ಕ್ಷೇಮವಾಗಿದ್ದಳು. ಹಾಸ್ಟೆಲಿನಲ್ಲಿ ರೂಮು ಬದಲಾಯಿಸಿದ್ದರು. "ಇನ್ನು ಮೇಲೆ 23 ಬೇಡ, 41 ಒತ್ತು" ಅಂತ ಬರೆದಿದ್ದಳು. ಅವ್ವ ಆ ಸಾಲನ್ನು ನಾಲ್ಕು ಸಲ ಓದಿದಳು. ಅಲ್ಲಿಗೆ ಎಲ್ಲ ಮರೆತೆವು.

ಫೋನು ಮಾತ್ರ ಮರೆತಿರಲಿಲ್ಲ. ಮುಂದಿನ ಬಿಲ್ಲು ಬಂತು. ಯಾವಾಗಲೂ 300 ರೂಪಾಯಿಯ ಆಸುಪಾಸು ಬರುತ್ತಿದ್ದದ್ದು ಈ ಸಲ 608! ಅಪ್ಪ ಕೆಂಡವಾದರು. "ಯಾರ ಜೊತೆ ಹರಟೆ ಹೊಡೆದೆ?" ಅಂದರು. ಅವ್ವ ಅಂದಳು, "ನಾನು ಮಗಳಿಗೆ ಮಾಡಿದ್ದು. ಯಾರೂ ಎತ್ತಲೇ ಇಲ್ಲ." ಅಪ್ಪ ಅಂದರು, "ಎತ್ತದ ಫೋನಿಗೆ ಬಿಲ್ಲು ಬರಲ್ಲ. ಅದು ಊರಿಗೇ ಗೊತ್ತು. ನೀನು ಸುಳ್ಳು ಹೇಳ್ತಿದ್ದೀಯ." ಅಜ್ಜಿಯೂ ಸೇರಿಕೊಂಡರು. "ಓದು ಬರಹ ಕಲಿತ ಮೇಲೆ ಇವಳು ಕೈಗೆ ಸಿಗ್ತಿಲ್ಲ" ಅಂದುಬಿಟ್ಟರು. ಮಾರನೇ ದಿನ ಅಪ್ಪ ಫೋನಿಗೆ ಪುಟ್ಟ ಬೀಗ ತಂದು ಹಾಕಿದರು.

ಅವ್ವ ಅಳಲಿಲ್ಲ. ಎರಡು ದಿನ ಮಾತೂ ಆಡಲಿಲ್ಲ. ಮೂರನೇ ದಿನ ನಮ್ಮನ್ನು ಕರೆದುಕೊಂಡು ಫೋನ್ ಕಚೇರಿಗೆ ಹೋದಳು. ಬಿಲ್ಲು ಅಪ್ಪನ ಹೆಸರಲ್ಲಿ ಇತ್ತು. ಅರ್ಜಿಗೆ ಅವರ ಸಹಿ ಬೇಕು ಅಂದರು. ಅವ್ವ ಮನೆಗೆ ಬಂದು ಅಪ್ಪನ ಮುಂದೆ ಅರ್ಜಿ ಇಟ್ಟು, "ಸಹಿ ಹಾಕಿ. ನಾನು ಸುಳ್ಳೋ ಅಲ್ಲವೋ ಗೊತ್ತಾಗಲಿ" ಅಂದಳು. ಅಪ್ಪ ಹಾಕಿದರು.

ಕೆಲವು ದಿನದ ಮೇಲೆ ಹೊರ ಊರಿಗೆ ಮಾಡಿದ ಕರೆಗಳ ಪಟ್ಟಿ ಸಿಕ್ಕಿತು. ತಾರೀಖು, ಹೊತ್ತು, ಯಾವ ನಂಬರಿಗೆ, ಎಷ್ಟು ಯೂನಿಟ್, ಎಲ್ಲ ಇತ್ತು. ಅಲ್ಲಿದ್ದ ಅಧಿಕಾರಿ ತಲೆ ಎತ್ತದೆ, "ಮೀಟರ್ ಸುಳ್ಳು ಹೇಳಲ್ಲಮ್ಮ" ಅಂದರು. ಅಷ್ಟೆ. ಯಾಕೆ ಹೀಗೆ ಆಯ್ತು ಅಂತ ಹೇಳೋ ತಾಳ್ಮೆ ಅವರಿಗೆ ಇರಲಿಲ್ಲ.

ಹೊರಗೆ ಒಬ್ಬ ವಯಸ್ಸಾದ ಲೈನ್‌ಮ್ಯಾನ್ ಬೀಡಿ ಸೇದುತ್ತ ನಿಂತಿದ್ದರು. ಅವ್ವ ಅವರನ್ನು ಕೇಳಿದಳು. ಅವರು ಪಟ್ಟಿ ನೋಡಿ ಒಂದೇ ಪ್ರಶ್ನೆ ಕೇಳಿದರು. "ತಾಯಿ, ಮೊದಲು ಸಂಗೀತ ಬರುತ್ತಿತ್ತಾ?"

"ಹ್ಞೂ ಅಣ್ಣ, ಬರುತ್ತಿತ್ತು."

"ಅಲ್ಲೇ ಇರೋದು ನೋಡು."

ಅವರು ಬಿಡಿಸಿ ಹೇಳಿದರು. ನಾವು ನಂಬರ್ ಒತ್ತಿದಾಗ ಆ ಕಡೆ ಗಂಟೆ ಹೊಡೆಯುತ್ತೆ. ಬರೀ ಗಂಟೆಗೆ ದುಡ್ಡಿಲ್ಲ. ಆ ಕಡೆ ರಿಸೀವರ್ ಎತ್ತಿದ ಕೂಡಲೆ ತಂತಿಯಲ್ಲಿ ಕರೆಂಟು ಹರಿಯುತ್ತೆ. ಎಕ್ಸ್‌ಚೇಂಜಿಗೆ ಅದೇ ಗುರುತು. ಆ ಗಳಿಗೆಯಿಂದ ಲೆಕ್ಕ ಶುರು. ಎತ್ತಿದ್ದು ಮನುಷ್ಯರೋ ಯಂತ್ರವೋ ಎಕ್ಸ್‌ಚೇಂಜಿಗೆ ತಿಳಿಯಲ್ಲ. ಹಾಸ್ಟೆಲಿನಲ್ಲಿ ಫೋನ್ ಎತ್ತೋಕೆ ಯಂತ್ರ ಇಟ್ಟಿದ್ದರು. ಸಂಗೀತ ಬಂತು ಅಂದರೆ ಯಂತ್ರ ಫೋನ್ ಎತ್ತಿತು ಅಂತ ಅರ್ಥ. ಆಮೇಲೆ ಅವ್ವನಿಗೆ ಕೇಳಿಸಿದ ಗಂಟೆ ಹಾಸ್ಟೆಲಿನ ಒಳಗಿನ ಗಂಟೆ. ಅದು ಖಾಲಿ ರೂಮಿನಲ್ಲಿ ಹೊಡೆಯುತ್ತಿತ್ತು. ಇತ್ತ ಯೂನಿಟ್ ಓಡುತ್ತಿತ್ತು.

ಬಸ್ಸಿನ ಹಾಗೆ ಅಂದುಕೊಳ್ಳಿ. ನೆಂಟರ ಊರಿಗೆ ಟಿಕೆಟ್ ತಗೊಂಡು ಹೋಗ್ತೀವಿ. ಅವರ ಮನೆಗೆ ಬೀಗ ಹಾಕಿದೆ. ಕಂಡಕ್ಟರ್ ದುಡ್ಡು ವಾಪಸ್ ಕೊಡ್ತಾನಾ?

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹಂಗಾದರೆ ಒಂಬತ್ತು ದಿನ ನಾನು ಯಂತ್ರದ ಬಾಗಿಲು ಬಡಿದೆ" ಅಂದಳು.

ಆ ರಾತ್ರಿ ಊಟ ಆದ ಮೇಲೆ ಅವ್ವ ದೀಪದ ಕೆಳಗೆ ಪಟ್ಟಿ ಹರಡಿದಳು. ಒಂದು ಕಡೆ ಕ್ಯಾಲೆಂಡರ್ ಹಿಂದಿನ ನಂಬರ್. ಇನ್ನೊಂದು ಕಡೆ ಪಟ್ಟಿ. ಬೆರಳು ಇಟ್ಟು ಒಂದೊಂದೇ ಸಾಲು ಓದಿದಳು. ಅಪ್ಪ ದರ ಕೇಳೋಕೆ ಮಾಡಿದ್ದ ಕರೆಗಳನ್ನು ಬಿಟ್ಟು ಉಳಿದದ್ದೆಲ್ಲ ಒಂದೇ ನಂಬರ್. ಹಾಸ್ಟೆಲಿನ ನಂಬರ್. ಒಂಬತ್ತು ದಿನದಲ್ಲಿ 58 ಸಲ. 40 ಕರೆಗೆ ನಾಲ್ಕು ನಾಲ್ಕು ಯೂನಿಟ್, 18 ಕರೆಗೆ ಮೂರು ಮೂರು. ನಾವು ಕೂಡಿಸೋಕೆ ಪೆನ್ಸಿಲ್ ಹುಡುಕುತ್ತಿದ್ದೆವು. ಅವ್ವ ಬಾಯಲ್ಲೇ ಹೇಳಿದಳು, 214.

ಕೊನೆಯ ಸಾಲುಗಳ ಹೊತ್ತು ಕೇಳಿ ಅಜ್ಜಿ ತಲೆ ಎತ್ತಿದರು. ರಾತ್ರಿ ಹನ್ನೊಂದೂವರೆ, ಬೆಳಗಿನ ನಾಲ್ಕೂಮುಕ್ಕಾಲು. "ಅಷ್ಟು ಹೊತ್ತಲ್ಲಿ ಒಬ್ಬಳೇ ಎದ್ದು ಕೂತಿದ್ಯೇನೆ? ನನ್ನನ್ನಾದರೂ ಎಬ್ಬಿಸಬಾರದಿತ್ತಾ" ಅಂದರು. ಅಪ್ಪ ಏನೂ ಹೇಳಲಿಲ್ಲ. ಅಂಗಿ ಜೇಬಿನಿಂದ ಬೀಗದ ಕೈ ತೆಗೆದು ಪಟ್ಟಿಯ ಮೇಲೆ ಇಟ್ಟರು.

ದುಡ್ಡು ವಾಪಸ್ ಬರಲಿಲ್ಲ. ಬಿಲ್ಲು ಕಟ್ಟಲೇಬೇಕಾಯಿತು.

ಈಗಿನ ಮಾತಿಗೆ ಬರೋಣ. ಈಗ ಎಷ್ಟೋ ಪ್ಲಾನುಗಳಲ್ಲಿ ದೇಶದ ಒಳಗಿನ ಕರೆಗೆ ಬೇರೆ ದುಡ್ಡಿಲ್ಲ. ಎಲ್ಲ ಪ್ಲಾನು ಹಾಗಲ್ಲ. ಪ್ರಶ್ನೆ ಕೇಳಿದ ಅಕ್ಕನ ಮನೆ ಪ್ಲಾನಿನಲ್ಲಿ ಕರೆಗೆ ಲೆಕ್ಕ ಇದೆ. ಆಸ್ಪತ್ರೆಯ ಫೋನನ್ನು ಯಂತ್ರ ಎತ್ತಿದೆ. ಒಂದು ಒತ್ತಿ, ಎರಡು ಒತ್ತಿ ಅಂದಿದೆ. ಇವರು ಸಂಗೀತ ಕೇಳುತ್ತ ಕಾದಿದ್ದಾರೆ. ನಮ್ಮ ಅವ್ವನ ಕತೆಯೇ ಅದು. ಇಂಥ ಕಡೆ 1800ರಿಂದ ಶುರುವಾಗುವ ನಂಬರ್ ಇದೆಯಾ ಅಂತ ಮೊದಲು ನೋಡಿ. ಅದಕ್ಕೆ ಮಾಡಿದವರಿಗೆ ದುಡ್ಡು ಬೀಳಲ್ಲ. 1860 ಬೇರೆ. ಅದಕ್ಕೆ ಬೀಳುತ್ತೆ. ನೋಡೋಕೆ ಎರಡೂ ಒಂದೇ ಥರ, ಅಂಕಿ ಸರಿಯಾಗಿ ಓದಿ.

ಇನ್ನೊಂದು ಇದೆ, ಇದು ಮೋಸ. ಹೊರದೇಶದ ನಂಬರಿಂದ ಒಂದೇ ಒಂದು ಗಂಟೆ ಹೊಡೆದು ನಿಲ್ಲುತ್ತೆ. ಗಂಡನೋ ಮಗನೋ ಪರದೇಶದಲ್ಲಿ ದುಡಿಯುತ್ತಿದ್ದರೆ ಅವರೇ ಇರಬೇಕು ಅಂತ ನಾವು ತಿರುಗಿ ಮಾಡ್ತೀವಿ. ಅಲ್ಲಿ ಗಂಟೆ ಹೊಡೆದ ಶಬ್ದವನ್ನೇ ಧ್ವನಿಮುದ್ರಣ ಮಾಡಿ ಇಟ್ಟಿರುತ್ತಾರೆ! ಯಾರೂ ಎತ್ತಿಲ್ಲ ಅಂತ ನಾವು ಕಾಯುತ್ತೇವೆ. ನಿಜವಾಗಿ ಕರೆ ಎತ್ತಿ ಆಗಿದೆ. ಹೊರದೇಶದ ದರದಲ್ಲಿ ದುಡ್ಡು ಹೋಗುತ್ತಿದೆ. ನಮ್ಮ ದೇಶದ ಗುರುತು 91. ಬೇರೆ ಅಂಕಿಯಿಂದ ಶುರುವಾಗುವ, ಗುರುತಿಲ್ಲದ ನಂಬರಿಗೆ ತಿರುಗಿ ಮಾಡಬೇಡಿ. ನಿಮ್ಮವರ ನಂಬರ್ ಬರೆದಿಟ್ಟುಕೊಂಡಿರಿ. ಹೋಲಿಸಿ ನೋಡಿ.

ಬಿಲ್ಲಿನಲ್ಲಿ ಅನುಮಾನ ಬಂದರೆ ಕರೆಗಳ ಪಟ್ಟಿ ಕೇಳಿ. ನಿಮ್ಮ ಕಂಪನಿಯ 198ಕ್ಕೆ ದೂರು ಕೊಡಿ. ಅದಕ್ಕೆ ದುಡ್ಡಿಲ್ಲ. ದೂರಿಗೆ ಒಂದು ಸಂಖ್ಯೆ ಕೊಡಬೇಕು. ಬಾಯಲ್ಲಿ ಹೇಳಿದರೆ ಸಾಲದು, ಬರೆದುಕೊಳ್ಳಿ. ಅವರ ಉತ್ತರ ಸರಿ ಅನ್ನಿಸದಿದ್ದರೆ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಅರ್ಜಿ ಹಾಕಬಹುದು. 2012ರಲ್ಲಿ ಬಂದ ನಿಯಮದಲ್ಲಿ ಇದಕ್ಕೆ ಅವಕಾಶ ಇದೆ. ಅರ್ಜಿ ಬರೆಯೋದನ್ನು ಬರುವ ವಾರ ಕೂತು ಕಲಿಯೋಣ.

ಬಿಲ್ಲು ತನ್ನಿ ಅಂದಿದ್ದೆವಲ್ಲ, ಎಷ್ಟು ಜನ ತಂದಿದ್ದೀರಿ? ತೆಗೆಯಿರಿ. ಮೊದಲು ತಾರೀಖು ಎಲ್ಲಿದೆ, ಬೆರಳಿಟ್ಟು ತೋರಿಸಿ.